ಒಂಟಿತನವೇ ಯುವಕರನ್ನು ಸಾಮೂಹಿಕ ಹತ್ಯೆಗೆ ದೂಡುತ್ತದೆಯೇ?

ಒಂಟಿತನವೊಂದೇ ಅಲ್ಲ, ಅವಮಾನದ ನೋವಿಗೆ ‘ಇದಕ್ಕೆಲ್ಲ ಅವರೇ ಕಾರಣ’ ಎಂಬ ನಂಬಿಕೆ ಸೇರಿದಾಗ ಅಪಾಯ ಹುಟ್ಟುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ತೋಟಗಳ ನಡುವಿನ ಒಂಟಿಮನೆಗಳಲ್ಲಿ ಎಷ್ಟೋ ಜನ ಬೆಳೆದಿದ್ದಾರೆ. ಅಷ್ಟರಿಂದಲೇ ಯಾರೂ ಕೊಲೆಗಾರರಾಗುವುದಿಲ್ಲ. ತನಗೆ ಸಲ್ಲಬೇಕಾದ ಗೌರವ, ಪ್ರೀತಿ, ಉದ್ಯೋಗ ಕೈತಪ್ಪಿತೆಂದು ಕುದಿಯುವ ಯುವಕನು, ಬುದ್ಧಿ ಹೇಳುವ ಬಳಗವಿಲ್ಲದೆ, ಹಿಂದಿನ ಹಂತಕರನ್ನು ವೀರರೆಂದು ಕೊಂಡಾಡುವ ಜಾಲತಾಣಗಳಲ್ಲಿ ಆಸರೆ ಕಂಡುಕೊಂಡಾಗ, ಹತ್ಯೆಯಿಂದಲೇ ತನ್ನ ಗಂಡಸುತನವೂ ಹೆಸರೂ ಮರಳಿ ಬರುತ್ತವೆಂದು ಭ್ರಮಿಸತೊಡಗುತ್ತಾನೆ. ಹಲವರಲ್ಲಿ ಸಾಯುವ ಬಯಕೆಯೂ ಜೊತೆಗಿರುತ್ತದೆ. ಎಲ್ಲವನ್ನೂ ಮಾನಸಿಕ ಕಾಯಿಲೆಯ ತಲೆಗೆ ಕಟ್ಟುವುದು, ನನ್ನ ದೃಷ್ಟಿಯಲ್ಲಿ, ಅರ್ಧ ಉತ್ತರ; ಇಂಥ ದಾಳಿಗಳು ಹೆಚ್ಚಾಗಿ ದಿಢೀರ್ ಆವೇಶವಲ್ಲ, ಮೊದಲೇ ಹೆಣೆದ ಯೋಜನೆಗಳು. ಅಮೆರಿಕದ ಸೀಕ್ರೆಟ್ ಸರ್ವಿಸ್ ಸಂಸ್ಥೆಯು 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಪರಿಶೀಲಿಸಿದಾಗ, ಹೆಚ್ಚಿನವುಗಳಲ್ಲಿ ದಾಳಿಯ ಯೋಜನೆ ಕನಿಷ್ಠ ಒಬ್ಬರಿಗೆ, ಸಾಮಾನ್ಯವಾಗಿ ಓರಗೆಯವರಿಗೆ, ಮೊದಲೇ ತಿಳಿದಿತ್ತು.