ಬೊಲೊನ್ಯಾದಿಂದ ರೈಲಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಬರಲು ಯಾವ ಊರು ಚೆನ್ನ?

ನಿಮ್ಮ ಪ್ರಶ್ನೆ ಓದಿದೆ. ಮಗಳು ಇಟಲಿಯ ಬೊಲೊನ್ಯಾದಲ್ಲಿ ಓದುತ್ತಿದ್ದಾಳೆ, ಏಪ್ರಿಲ್ ಕೊನೆಗೆ ನೀವಿಬ್ಬರೂ ಒಂದು ವಾರ ಅವಳ ಹತ್ತಿರ ಇರುತ್ತೀರಿ. ಅರವತ್ತು ದಾಟಿದೆ, ಸಸ್ಯಾಹಾರಿಗಳು. ವೆನಿಸ್, ಫ್ಲಾರೆನ್ಸ್, ಪೀಸಾ, ಮಿಲಾನ್, ಕಡಲ ದಂಡೆಯ ಐದು ಹಳ್ಳಿಗಳ ಚಿಂಕ್ವೆ ತೆರ್ರೆ ಅಂತ ಪಟ್ಟಿ ಮಾಡಿದ್ದೀರಿ. ಎಲ್ಲವನ್ನೂ ರೈಲಿನಲ್ಲಿ ದಿನಕ್ಕೊಂದರಂತೆ ಮುಗಿಸಬಹುದಾ ಎಂದು ಕೇಳಿದ್ದೀರಿ.

ಮುಗಿಸಬಹುದು. ಆದರೆ ವಾರದ ಕೊನೆಗೆ ನಿಮಗೆ ನೆನಪಿರುವುದು ಸ್ಟೇಷನ್‌ಗಳು ಮಾತ್ರ. ನಾನು ಈ ಊರಲ್ಲೇ ಕೆಲಸದಲ್ಲಿದ್ದೇನೆ. ಊರಿಂದ ಬಂದವರೆಲ್ಲ ಇದೇ ಪಟ್ಟಿ ಹಿಡಿದು ಬರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಹೆಸರು ನೋಡಿ ಊರು ಆರಿಸಬೇಡಿ. ಮನೆ ಬಾಗಿಲಿಂದ ನೋಡಬೇಕಾದ ಜಾಗದ ಬಾಗಿಲಿಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ. ಎರಡು ಗಂಟೆ ದಾಟಿದರೆ ಆ ಊರು ಬಿಡಿ, ಅದಕ್ಕೆ ಇನ್ನೊಂದು ಸಲ ಬಂದು ಅಲ್ಲೇ ಉಳಿಯಿರಿ.

ಈ ಲೆಕ್ಕಕ್ಕೆ ಬೊಲೊನ್ಯಾದಷ್ಟು ಅನುಕೂಲದ ಊರು ಇಟಲಿಯಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕ್ರಿ.ಪೂ. 187ರಲ್ಲಿ ರೋಮನ್ನರು ರಿಮಿನಿಯಿಂದ ಪಿಯಾಚೆನ್ಸಾವರೆಗೆ ಒಂದು ನೇರ ರಸ್ತೆ ಹಾಕಿದರು. ಅದರ ಹೆಸರು ವಿಯಾ ಎಮಿಲಿಯಾ. ರೈಲು ಹಳಿಯೂ ಬಹುಪಾಲು ಅದರ ಪಕ್ಕದಲ್ಲೇ ಓಡುತ್ತದೆ. ಬೆಂಗಳೂರು ಬಿಟ್ಟರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಸಾಲಾಗಿ ಬರುವ ಹಾಗೆ, ಇಲ್ಲಿ ಪಾರ್ಮಾ, ರೆಜ್ಜೊ, ಮೊಡೆನಾ, ಬೊಲೊನ್ಯಾ, ಫಾಯೆನ್ಸಾ, ಫೊರ್ಲಿ ಒಂದೇ ಗೆರೆಯಲ್ಲಿವೆ. ಉತ್ತರಕ್ಕೆ ಇನ್ನೊಂದು ಗೆರೆ: ಫೆರಾರಾ, ಪಾಡುವಾ, ವೆನಿಸ್. ಒಂದೊಂದು ಊರೂ ಒಂದು ಕಾಲದಲ್ಲಿ ಯಾವನೋ ದೊರೆಯದ್ದೋ ಪೋಪನದ್ದೋ ಆಗಿತ್ತು. ಹಾಗಾಗಿ ಚಿಕ್ಕ ಊರಿಗೂ ದೊಡ್ಡ ಚರ್ಚು, ಅರಮನೆ, ನಾಟಕಶಾಲೆ ಇದೆ.

ಒಂದೇ ಊರು ನೋಡಲು ಸಾಧ್ಯ ಎಂದಿದ್ದರೆ ನಾನು ರವೆನ್ನಾ ಎನ್ನುತ್ತೇನೆ. ಸಾಮಾನ್ಯ ರೈಲಿನಲ್ಲಿ ಒಂದೂಕಾಲು ಗಂಟೆ ಆಸುಪಾಸು. ಸ್ಟೇಷನ್‌ನಿಂದ ಊರೊಳಗೆ ನಡೆದೇ ಹೋಗಬಹುದು, ನೆಲ ಪೂರ್ತಿ ಸಮತಟ್ಟು. 402ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿ ಇಲ್ಲಿಗೆ ಬಂತು. ಆಮೇಲೆ ಜರ್ಮನ್ ಮೂಲದ ಗೋತರು ಆಳಿದರು, ಅವರ ನಂತರ ಕಾನ್‌ಸ್ಟಾಂಟಿನೋಪಲ್‌ನ ಪೂರ್ವ ರೋಮನ್ನರು. ಮೂರು ಕಾಲದವರೂ ಗೋಡೆ ತುಂಬ ಮೊಸಾಯಿಕ್, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿದ ಚಿತ್ರ, ಮಾಡಿಸಿದರು. ಹೊರಗಿನಿಂದ ನೋಡಿದರೆ ಬರೀ ಇಟ್ಟಿಗೆ ಕಟ್ಟಡ, ಏನೂ ಅನ್ನಿಸುವುದಿಲ್ಲ. ಒಳಗೆ ಕಾಲಿಟ್ಟರೆ ಬೇರೆ ಲೋಕ.

ಸ್ಟೇಷನ್‌ಗೆ ಹತ್ತಿರ ಇರುವುದು ಸಾಂತ್ ಅಪೊಲಿನಾರೆ ನುವೊವೊ. ಇದನ್ನು ಕಟ್ಟಿಸಿದವನು ಗೋತ್ ರಾಜ ಥಿಯೊಡೊರಿಕ್. ಗೋಡೆಯ ಮೇಲೆ ಅವನ ಅರಮನೆಯ ಚಿತ್ರವಿದೆ. ಕಮಾನುಗಳ ನಡುವೆ ಜನ ನಿಂತಿದ್ದರು. ರಾಜ್ಯ ಕೈಬದಲಾದ ಮೇಲೆ ಹೊಸಬರು ಆ ಜನರನ್ನು ಅಳಿಸಿ ಪರದೆಗಳನ್ನು ಕೂರಿಸಿದರು. ಆದರೆ ಕಂಬಗಳ ಮೇಲೆ ಚಾಚಿದ್ದ ಕೈಗಳು ಹಾಗೇ ಉಳಿದಿವೆ! ಕಂಬಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಸಿಗುತ್ತವೆ. ನನಗಂತೂ ಇಡೀ ಊರಿನಲ್ಲಿ ಬಹಳ ಇಷ್ಟವಾದದ್ದು ಆ ಕೈಗಳೇ.

ಆಮೇಲೆ ಸಾನ್ ವಿತಾಲೆ. 547ರಲ್ಲಿ ಪ್ರತಿಷ್ಠೆಯಾದ ಚರ್ಚು. ಮೊಸಾಯಿಕ್‌ನಲ್ಲಿ ಒಂದು ಕಡೆ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಜಸ್ಟಿನಿಯನ್, ಎದುರಿಗೆ ರಾಣಿ ಥಿಯೊಡೊರಾ, ಇಬ್ಬರೂ ಪರಿವಾರ ಸಮೇತ. ಜಸ್ಟಿನಿಯನ್ ಈ ಊರಿಗೆ ಕಾಲಿಟ್ಟವನೇ ಅಲ್ಲ. ಪಕ್ಕದಲ್ಲೇ ಗಾಲಾ ಪ್ಲಾಚಿದಿಯಾ ಹೆಸರಿನ ಪುಟ್ಟ ಕಟ್ಟಡ, ಕಡುನೀಲಿ ಚಾವಣಿಯಲ್ಲಿ ಬಂಗಾರದ ನಕ್ಷತ್ರಗಳು. ಇದಕ್ಕೆ ಸಮಯ ಕಾದಿರಿಸಬೇಕು, ಒಳಗೆ ಬಿಡುವುದು ಕೆಲವೇ ನಿಮಿಷ. ಮುಖ್ಯ ಜಾಗಗಳಿಗೆ ಒಂದೇ ಟಿಕೆಟ್ ಸಾಕು. ಕವಿ ಡಾಂಟೆ ಫ್ಲಾರೆನ್ಸಿನವನು, ಆದರೆ ಗಡೀಪಾರಾಗಿ 1321ರಲ್ಲಿ ಸತ್ತಿದ್ದು ಇಲ್ಲಿ. ಸಮಾಧಿಯೂ ಇಲ್ಲೇ. ಅದರೊಳಗಿನ ದೀಪಕ್ಕೆ ಎಣ್ಣೆ ಕಳಿಸುವುದು ಇವತ್ತಿಗೂ ಫ್ಲಾರೆನ್ಸ್. ಹೊರಹಾಕಿದ ಊರು ಕಟ್ಟುತ್ತಿರುವ ದಂಡ ಅನ್ನಿ.

ರವೆನ್ನಾವನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ. ಇಟಲಿಯ ಬಹಳ ಮ್ಯೂಸಿಯಂಗಳಿಗೆ ಸೋಮವಾರ ರಜೆ, ಫ್ಲಾರೆನ್ಸಿನ ಉಫಿತ್ಸಿಯೂ ಮುಚ್ಚಿರುತ್ತದೆ. ರವೆನ್ನಾದ ಈ ಚರ್ಚುಗಳು ತೆರೆದಿರುತ್ತವೆ.

ಎರಡನೆಯದು ಫೆರಾರಾ, ಅರ್ಧ ಗಂಟೆಯ ದಾರಿ. ಊರ ಮಧ್ಯೆ ನೀರಿನ ಕಂದಕದ ಕೋಟೆ, 1385ರಲ್ಲಿ ಶುರುವಾದದ್ದು. ಊರ ಸುತ್ತ ಸುಮಾರು 9 ಕಿ.ಮೀ. ಹಳೇ ಗೋಡೆ, ಅದರ ಮೇಲೆ ಮರಗಳ ನೆರಳಲ್ಲಿ ಸೈಕಲ್ ದಾರಿ. ಇಲ್ಲಿ ಅಜ್ಜಿಯರೂ ಸೈಕಲ್ ತುಳಿಯುತ್ತಾರೆ. ನಿಮಗೆ ಸೈಕಲ್ ಅಭ್ಯಾಸ ಇದ್ದರೆ ಬಾಡಿಗೆಗೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಅರ್ಧ ದಿನ ಸಾಕು.

ಮೊಡೆನಾ ಇನ್ನೂ ಹತ್ತಿರ. 1099ರಲ್ಲಿ ಶುರುವಾದ ಚರ್ಚು, ಪಕ್ಕದಲ್ಲಿ 86 ಮೀಟರಿನ ಗೋಪುರ, ಹಿಂದೆ ಅಲ್ಬಿನೆಲ್ಲಿ ಎಂಬ ತರಕಾರಿ ಮಾರುಕಟ್ಟೆ. ಮಾರುಕಟ್ಟೆ ಬೆಳಿಗ್ಗೆಯೇ ನೋಡಬೇಕು. ಕಾರಿನ ಹುಚ್ಚು ಇಲ್ಲ ಎಂದರೆ ಫೆರಾರಿ ಮ್ಯೂಸಿಯಂಗೆ ದುಡ್ಡು ಹಾಕಬೇಡಿ. ಪಾರ್ಮಾ ಒಂದು ಗಂಟೆ ದೂರ. ಅಲ್ಲಿನ ಚರ್ಚಿನ ಗುಮ್ಮಟದಲ್ಲಿ ಕೊರೆಜ್ಜೊ ಬರೆದ ಚಿತ್ರ ನೋಡಲು ಕತ್ತು ನೋಯುವಷ್ಟು ಹೊತ್ತು ನಿಲ್ಲುತ್ತೀರಿ.

ಇನ್ನು ನಿಮ್ಮ ಪಟ್ಟಿ. ಚಿಂಕ್ವೆ ತೆರ್ರೆ ಬೇಡವೇ ಬೇಡ, ಹೋಗುವುದಕ್ಕೇ ಮೂರು ಗಂಟೆ ದಾಟುತ್ತದೆ. ಪೀಸಾಗೆ ಫ್ಲಾರೆನ್ಸಿನಲ್ಲಿ ರೈಲು ಬದಲಿಸಬೇಕು, ಅದೂ ಒಂದು ಗೋಪುರಕ್ಕಾಗಿ. ಮಿಲಾನ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಆದರೆ ವಿಮಾನ ಅಲ್ಲಿಂದ ಇದ್ದರೆ ಆಗ ನೋಡಿಕೊಳ್ಳಿ. ಫ್ಲಾರೆನ್ಸ್ ಮಾತ್ರ ಯೋಚನೆಗೆ ತಕ್ಕದ್ದು. ವೇಗದ ರೈಲು ಬೆಟ್ಟದ ಕೆಳಗೆ ಸುರಂಗದಲ್ಲೇ ಓಡಿ 40 ನಿಮಿಷದೊಳಗೆ ಮುಟ್ಟಿಸುತ್ತದೆ. ಉಫಿತ್ಸಿಗೆ ಮೊದಲೇ ಟಿಕೆಟ್ ಇದ್ದರೆ ಹೋಗಿ. ವೆನಿಸ್ ನೋಡಲೇಬೇಕು ಎಂದು ನಿಮ್ಮ ಯಜಮಾನರು ಹಟ ಹಿಡಿದರೆ ಏನು ಮಾಡುವುದು, ಹೋಗಿ ಬನ್ನಿ. ಟಿಕೆಟ್ ನೀರಿನ ಈಚೆ ದಡದ ಮೆಸ್ತ್ರೆಗಲ್ಲ, ಸಾಂತಾ ಲುಚಿಯಾ ಸ್ಟೇಷನ್‌ಗೆ ತೆಗೆಯಿರಿ. 2024ರಿಂದ ಕೆಲವು ದಿನಗಳಲ್ಲಿ ಹಗಲು ಬಂದು ಹೋಗುವವರು ಪ್ರವೇಶ ಶುಲ್ಕ ಕಟ್ಟಬೇಕು. ಏಪ್ರಿಲ್ 25 ಇಡೀ ದೇಶಕ್ಕೆ ರಜೆ, ಜೊತೆಗೆ ವೆನಿಸ್‌ನ ಸಂತ ಮಾರ್ಕನ ಹಬ್ಬ. ಅವತ್ತು ಮಾತ್ರ ಆ ಕಡೆ ತಲೆ ಹಾಕಬೇಡಿ.

ವೆನಿಸ್ ಬದಲು ಪಾಡುವಾ ಹೇಗೆ? ಅದೇ ಹಳಿ, ಮೊದಲೇ ಇಳಿದರಾಯಿತು. ಹಳೇ ಕಾಲದ ಚಿತ್ರಕಾರ ಜೊತ್ತೊ ಚಿತ್ರ ಬರೆದ ಸ್ಕ್ರೊವೆನ್ಯಿ ಚಾಪೆಲ್ ಅಲ್ಲಿದೆ. ಮೊದಲೇ ಕಾದಿರಿಸದಿದ್ದರೆ ಅದರೊಳಗೆ ಬಿಡುವುದಿಲ್ಲ.

ಟಿಕೆಟ್ ವಿಷಯ. ನಾನು ಹೇಳಿದ ಹತ್ತಿರದ ಊರುಗಳಿಗೆಲ್ಲ ‘ರೆಜೊನಾಲೆ’ ಎಂಬ ಸಾಮಾನ್ಯ ರೈಲು ಸಾಕು. ಇದರ ದರ ದೂರದ ಮೇಲೆ, ಎರಡು ತಿಂಗಳ ಮುಂಚೆ ಕೊಂಡರೂ ಅವತ್ತೇ ಕೊಂಡರೂ ಒಂದೇ. ಸೀಟು ಕಾದಿರಿಸುವ ಗೋಜಿಲ್ಲ. ಮಳೆ ಬಂದರೆ ಊರು ಬದಲಿಸಬಹುದು. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಯಂತ್ರಕ್ಕೆ ತುರುಕಿ ಮುದ್ರೆ ಹಾಕಿಸಬೇಕು, ಆ್ಯಪ್‌ನಲ್ಲಿ ಕೊಂಡರೆ ಚೆಕ್-ಇನ್ ಒತ್ತಬೇಕು. ಮರೆತರೆ ದಂಡ, ‘ಗೊತ್ತಿರಲಿಲ್ಲ’ ಎಂದರೆ ಕೇಳುವುದಿಲ್ಲ. ವೇಗದ ರೈಲಿನ ಲೆಕ್ಕ ಬೇರೆ: ಬೇಗ ಕೊಂಡರೆ ಅಗ್ಗ, ಅದೇ ರೈಲಿಗೇ ಹೋಗಬೇಕು. ಈ ದೂರಗಳಿಗೆ ಯುರೋಪಿನ ರೈಲುಗಳಲ್ಲಿ ಓಡಾಡಲು ಕೊಡುವ ಯುರೇಲ್ ಪಾಸ್ ಸುಮ್ನೆ ದಂಡ.

ಬೊಲೊನ್ಯಾ ಸ್ಟೇಷನ್ ಸ್ವಲ್ಪ ಗೋಜಲು. 1 ಎಂಬ ಪ್ಲಾಟ್‌ಫಾರ್ಮ್ ಬೇರೆ, ‘1 ಓವೆಸ್ಟ್’ ಎನ್ನುವುದು ಬೇರೆ. ಎರಡನೆಯದು ಪಶ್ಚಿಮದ ತುದಿಯಲ್ಲಿದೆ. ವೇಗದ ರೈಲುಗಳ 16ರಿಂದ 19 ನೆಲದಡಿ ಆಳದಲ್ಲಿವೆ, ಇಳಿಯಲು ಹತ್ತು ನಿಮಿಷ ಕೈಯಲ್ಲಿರಲಿ. ಫಲಕದಲ್ಲಿ ರೈಲಿನ ಕೊನೆಯ ಊರು ಮಾತ್ರ ದೊಡ್ಡದಾಗಿರುತ್ತದೆ. ಫೆರಾರಾ ರೈಲನ್ನು ವೆನಿಸ್ ಹೆಸರಲ್ಲಿ ಹುಡುಕಬೇಕು. ರೈಲಿನ ನಂಬರ್ ಬರೆದಿಟ್ಟುಕೊಂಡರೆ ಸುಲಭ. ಹಳದಿ ಹಾಳೆ ಹೊರಡುವ ರೈಲುಗಳದ್ದು, ಬಿಳಿಯದು ಬರುವ ರೈಲುಗಳದ್ದು. ಹೊರಗೋಡೆಯ ಗಡಿಯಾರ 10:25ಕ್ಕೆ ನಿಂತಿರುವುದನ್ನು ನೋಡಿ ಗಾಬರಿಯಾಗಬೇಡಿ. 1980ರ ಆಗಸ್ಟ್ 2ರಂದು ಇಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಆ ಹೊತ್ತನ್ನೇ ಹಾಗೆ ಉಳಿಸಿದ್ದಾರೆ.

ಊಟ. ಇದು ಮಾಂಸದ ಸೀಮೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಹೂರಣ ತುಂಬಿದ ಪಾಸ್ತಾಗಳಲ್ಲಿ ತೊರ್ತೆಲ್ಲಿನಿ ಒಳಗೆ ಹಂದಿಮಾಂಸ ಇರುತ್ತದೆ, ತೊರ್ತೆಲ್ಲೊನಿ ಒಳಗೆ ಸಾಮಾನ್ಯವಾಗಿ ರಿಕೊತ್ತಾ ಚೀಸು. ಹೆಸರು ಒಂದೇ ಥರ, ನೋಡಿ ಹೇಳಿ. ಪಿಯಾದಿನಾ ನಮ್ಮ ರೊಟ್ಟಿಯ ಹಾಗೇ ಕಾಣುತ್ತದೆ, ಆದರೆ ಹಿಟ್ಟಿಗೆ ಹಂದಿಕೊಬ್ಬು ಹಾಕುವುದೇ ಹಳೇ ಪದ್ಧತಿ. ಎಣ್ಣೆಯದ್ದೂ ಸಿಗುತ್ತದೆ, ಕೇಳಬೇಕು. ಫೆರಾರಾದ ಕೋಡುಕೋಡಾದ ಬ್ರೆಡ್ಡಿಗೂ ಅದೇ ಕೊಬ್ಬು. ಅಲ್ಲಿ ಸಿಹಿಗುಂಬಳ ತುಂಬಿದ ಕಪ್ಪೆಲಾಚಿ ಪಾಸ್ತಾ ತಿನ್ನಿ, ಬೆಣ್ಣೆ ಮತ್ತು ಸೇಜ್ ಎಲೆ ಹಾಕಿದ್ದು ಕೇಳಿ, ಮಾಂಸದ ಸಾಸ್ ಬೇಡ. ಪಾರ್ಮೆಸಾನ್ ಚೀಸಿಗೂ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದನ್ನು ಬಿಡುವವರಾದರೆ ಕಷ್ಟ ಜಾಸ್ತಿ. ಮಧ್ಯಾಹ್ನ ಎರಡೂವರೆ ಆದರೆ ಅಡುಗೆಮನೆ ಮುಚ್ಚುತ್ತಾರೆ, ಮತ್ತೆ ತೆರೆಯುವುದು ಸಂಜೆ ಏಳರ ಮೇಲೆ. ಚೀಲದಲ್ಲಿ ನಾಲ್ಕು ಚಪಾತಿ, ಚಟ್ನಿಪುಡಿ ಇರಲಿ. ರೈಲಿನಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಕೊನೆಗೆ ಮುಷ್ಕರ. ಇಲ್ಲಿ ರೈಲ್ವೆ ಮುಷ್ಕರ ಮೊದಲೇ ಹೇಳಿ ಮಾಡುತ್ತಾರೆ, ಶುಕ್ರವಾರ ಹೆಚ್ಚು. ಕೆಲಸದ ದಿನವಾದರೆ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಕೆಲವು ಸಾಮಾನ್ಯ ರೈಲುಗಳು ಓಡಲೇಬೇಕು. ಅದನ್ನೇ ನೋಡಿಕೊಂಡು ಹೋಗಿ ಬರುವವರೂ ಇದ್ದಾರೆ. ನಿಮಗೆ ಆ ಪರದಾಟ ಯಾಕೆ? ಅವತ್ತು ಬೊಲೊನ್ಯಾದಲ್ಲೇ ಇದ್ದು ಸಾನ್ ಲೂಕಾ ಬೆಟ್ಟಕ್ಕೆ ಹೋಗಿ. ಊರಿಂದ ಬೆಟ್ಟದ ತುದಿಯವರೆಗೆ 3.8 ಕಿ.ಮೀ. ಉದ್ದಕ್ಕೂ ಸೂರಿನ ಮೊಗಸಾಲೆ, 666 ಕಮಾನು. ಮಳೆ ಬಂದರೂ ನೆನೆಯುವುದಿಲ್ಲ. ಮಂಡಿ ನೋವಿದ್ದರೆ ಮುಖ್ಯ ಚೌಕದಿಂದ ಪ್ರವಾಸಿಗರ ಪುಟ್ಟ ಗಾಡಿ ಮೇಲಕ್ಕೆ ಹೋಗುತ್ತದೆ. ಅದರಲ್ಲಿ ಹತ್ತಿ ಹೋಗಿ, ಇಳಿಯುವಾಗ ನಡೆದು ಬನ್ನಿ.