ಹಗಲಿಗೊಂದು ಮಾತ್ರೆ, ರಾತ್ರಿಗೊಂದು ಮಾತ್ರೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಮೂವತ್ತರ ಆಸುಪಾಸಿನ ಮಹಿಳೆ. ನಿದ್ದೆಯಿಲ್ಲ, ಸಣ್ಣ ಮಾತಿಗೂ ಸಿಡುಕು, ಕೂತಲ್ಲೇ ಎದೆ ಡವಡವ ಎನ್ನುತ್ತದೆ ಎಂದು ಅಕ್ಕನ ಜೊತೆ ಬಂದಿದ್ದರು. ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ 'ಇಲ್ಲ'. ಮುಚ್ಚಿಡುವ ಉದ್ದೇಶ ಇರಲಿಲ್ಲ. ತೂಕ ಇಳಿಸುವ ಮಾತ್ರೆಯನ್ನು ಬಹಳ ಜನ ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಪ್ರಶ್ನೆಯನ್ನು ಬಿಡಿಸಿ ಕೇಳಬೇಕು: ಹಸಿವು ಕಡಿಮೆಯಾಗಲು, ಹೊಟ್ಟೆ ಖಾಲಿಯಾಗಲು, ಚುರುಕಾಗಿರಲು, ನಿದ್ದೆ ಬರಲು ಏನಾದರೂ ನುಂಗುತ್ತೀರಾ? ಗಿಡಮೂಲಿಕೆ ಎಂದು ಕೊಟ್ಟ ಪುಡಿ, ಕ್ಯಾಪ್ಸೂಲ್? ಹೀಗೆ ಕೇಳಿದ ಮೇಲೆ ಒಂದೊಂದೇ ಹೊರಬಿತ್ತು. ಮನೆಯಲ್ಲಿರುವುದನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಮುಂದಿನ ಭೇಟಿಗೆ ತರಲು ಹೇಳಲಾಯಿತು.

ಚೀಲದಲ್ಲಿ ನಾಲ್ಕು ಬಗೆ ಇದ್ದವು. ಹಸಿವು ಅಡಗಿಸುವ ಫೆಂಟರ್ಮಿನ್ 37.5 ಮಿ.ಗ್ರಾಂ, ಬಿಸಾಕೊಡಿಲ್ 5 ಮಿ.ಗ್ರಾಂ ಎಂಬ ಭೇದಿ ಮಾತ್ರೆ, ಕಳವಳ ತಗ್ಗಿಸಿ ನಿದ್ದೆ ತರಿಸುವ ಅಲ್ಪ್ರಜೋಲಾಂ 0.5 ಮಿ.ಗ್ರಾಂ, ಜೊತೆಗೆ ತಯಾರಕರ ವಿಳಾಸವೇ ಇಲ್ಲದ ಒಂದು 'ನೈಸರ್ಗಿಕ' ಕ್ಯಾಪ್ಸೂಲ್. ಫೆಂಟರ್ಮಿನ್ ಶುರುವಾದದ್ದು ವೈದ್ಯರ ಚೀಟಿಯಿಂದಲೇ, ದಿನಕ್ಕೆ ಒಂದರಂತೆ. ಮೊದಲ ಆರು ವಾರದಲ್ಲಿ ಐದು ಕಿಲೋ ಇಳಿಯಿತು, ಆಮೇಲೆ ತೂಕ ಅಲ್ಲೇ ನಿಂತಿತು. ಚೀಟಿಯ ಅವಧಿ ಮುಗಿದ ಮೇಲೆ ಆಕೆ ಬೇರೆ ದಾರಿಯಲ್ಲಿ ಮಾತ್ರೆ ತರಿಸಿಕೊಂಡು, ಮಧ್ಯಾಹ್ನಕ್ಕೂ ಒಂದು ಸೇರಿಸಿದರು. ಅದರಿಂದ ರಾತ್ರಿಯ ನಿದ್ದೆ ಹೋಯಿತು. ನಿದ್ದೆಗೆಂದು ಇನ್ನೊಬ್ಬ ವೈದ್ಯರಿಂದ ಅಲ್ಪ್ರಜೋಲಾಂ ಬಂತು. ಹಗಲಿನ ಮಾತ್ರೆಯ ವಿಷಯ ಅವರಿಗೆ ಹೇಳಿರಲಿಲ್ಲ. ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆಯೂ ಉಳಿಯುತ್ತಿದ್ದುದರಿಂದ ಹಗಲಿನ ಮಾತ್ರೆಯಿಲ್ಲದೆ ಏಳಲಾಗದ ಸ್ಥಿತಿ. ಐದು ತಿಂಗಳಿಂದ ಹೀಗೇ ನಡೆದಿತ್ತು. 1960ರ ದಶಕದಲ್ಲಿ ಅಮೆರಿಕದಲ್ಲಿ ಬಣ್ಣಬಣ್ಣದ ತೂಕದ ಮಾತ್ರೆಗಳೆಂದು ಮಾರಾಟವಾಗಿ ಸಾವುಗಳಿಗೂ ಕಾರಣವಾದ ಕಟ್ಟಿನಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ, ಥೈರಾಯ್ಡ್ ಹಾರ್ಮೋನು, ಭೇದಿ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ, ಮೇಲೆ ಕಳವಳ ತಗ್ಗಿಸಲು ಬಾರ್ಬಿಚುರೇಟ್ ಇರುತ್ತಿದ್ದವು. ಈ ಚೀಲ ಬಹುಪಾಲು ಅದೇ ಜೋಡಣೆ.

ಫೆಂಟರ್ಮಿನ್ ಆಂಫೆಟಮಿನ್‌ನ ಹತ್ತಿರದ ಬಂಧು. 1959ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಕೆಲವೇ ವಾರಗಳ ಬಳಕೆಗೆ; ಸಾಮಾನ್ಯವಾಗಿ 12 ವಾರ ದಾಟಿಸುವುದಿಲ್ಲ. ಮಿದುಳಿನಲ್ಲಿ ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ಹಸಿವನ್ನು ಅಡಗಿಸುತ್ತದೆ, ಅದೇ ಕಾರಣಕ್ಕೆ ನಾಡಿ, ಬಿಪಿ ಏರುತ್ತವೆ, ಬಾಯಿ ಒಣಗುತ್ತದೆ. ಕೆಲವು ವಾರಗಳಲ್ಲಿ ಮೈ ಒಗ್ಗಿಕೊಂಡು ಹಸಿವು ಮರಳುತ್ತದೆ. ಆಗ ಡೋಸ್ ಏರಿಸಬಾರದು, ನಿಲ್ಲಿಸಬೇಕು ಎಂದು ಔಷಧಿಯ ಸೂಚನಾಪತ್ರವೇ ಹೇಳುತ್ತದೆ. ಎಡವುವುದು ಇಲ್ಲೇ. ಹಸಿವು ಒಗ್ಗಿಕೊಂಡರೂ ಚುರುಕುತನದ ರುಚಿ ಹತ್ತಿರುತ್ತದೆ. ವೈದ್ಯರ ನಿಗಾದಲ್ಲಿ, ಹೇಳಿದ ಡೋಸಿನಲ್ಲಿ, ಹೇಳಿದಷ್ಟೇ ದಿನ ನುಂಗಿದವರಲ್ಲಿ ಚಟ ಅಪರೂಪ, ಈ ಮಾತನ್ನೂ ಹೇಳಲೇಬೇಕು. ಅಪಾಯ ಹೆಚ್ಚುವುದು ತಾವಾಗಿ ಡೋಸ್ ಏರಿಸಿದಾಗ, ಹಿಂದೆ ಬೇರೆ ಚಟವಿದ್ದಾಗ, ಊಟದ ಜೊತೆಗಿನ ಸಂಬಂಧವೇ ಹದಗೆಟ್ಟಿದ್ದಾಗ.

'ನನಗೇನು ಚಟ? ಖುಷಿಗೆ ತಗೊಳ್ತಿಲ್ಲವಲ್ಲ' ಎಂದು ಆಕೆ ಕೇಳಿದರು. ನ್ಯಾಯವಾದ ಪ್ರಶ್ನೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಕೈಪಿಡಿಯಾದ ಡಿಎಸ್‌ಎಂ-5ರ ಹನ್ನೊಂದು ಮಾನದಂಡಗಳಲ್ಲಿ ಖುಷಿ ಎಂಬುದೇ ಇಲ್ಲ. ಅಂದುಕೊಂಡದ್ದಕ್ಕಿಂತ ಹೆಚ್ಚು ನುಂಗುವುದು, ಬಿಡಲು ಹೋಗಿ ಸೋಲುವುದು, ಮೈಗೆ ಕೆಡುಕೆಂದು ಗೊತ್ತಿದ್ದೂ ಮುಂದುವರಿಸುವುದು, ಒಗ್ಗಿಕೊಳ್ಳುವುದು, ಬಿಟ್ಟಾಗ ಲಕ್ಷಣ ಕಾಣಿಸುವುದು: ಈ ಐದೂ ಆಕೆಯಲ್ಲಿದ್ದವು. ನಾಲ್ಕೈದು ಇದ್ದರೆ ಮಧ್ಯಮ ಪ್ರಮಾಣದ ಚಟ. ಒಮ್ಮೆ ತಾವಾಗಿ ನಾಲ್ಕು ದಿನ ಬಿಟ್ಟಿದ್ದರು. ಹಾಸಿಗೆಯಿಂದ ಏಳಲಾಗಲಿಲ್ಲ, ಹಸಿವು ತಡೆಯಲಾಗಲಿಲ್ಲ, ತೂಕದ ಯಂತ್ರ ಎರಡು ಕಿಲೋ ಜಾಸ್ತಿ ತೋರಿಸಿತು, ಮತ್ತೆ ನುಂಗಿದರು. ಮಾತ್ರೆಗೆ ಕಟ್ಟಿಹಾಕಿದ್ದು ಆ ಎರಡು ಕಿಲೋದ ಭಯ. ಸಲಹೆಯನ್ನೂ ಆ ಭಯದ ಸುತ್ತಲೇ ಹೆಣೆಯಬೇಕಾಯಿತು.

ಆದರೂ ಮೊದಲು ಹೇಳಿದ್ದು ರಾತ್ರಿಯ ಮಾತ್ರೆಯ ಬಗ್ಗೆ: ಅದನ್ನು ಇವತ್ತೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ನುಂಗಿದ ಅಲ್ಪ್ರಜೋಲಾಂ ಏಕಾಏಕಿ ನಿಂತರೆ ಫಿಟ್ಸ್ ಬರಬಹುದು. ಉತ್ಸಾಹದಲ್ಲಿ ಎಲ್ಲವನ್ನೂ ಒಂದೇ ದಿನ ಕಸಕ್ಕೆ ಎಸೆಯುವವರು ಸಿಕ್ಕಿಬೀಳುವುದು ಈ ಅಪಾಯಕ್ಕೇ. ಮನೋವೈದ್ಯರು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುವ ಕ್ರಮ ಬರೆದುಕೊಟ್ಟರು. ವಿಳಾಸವಿಲ್ಲದ ಕ್ಯಾಪ್ಸೂಲ್ ಆ ದಿನವೇ ಬಂದ್. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದಿಂದ 2010ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಹಿಂತೆಗೆದ ಸಿಬುಟ್ರಮಿನ್ ಎಂಬ ತೂಕ ಇಳಿಸುವ ಔಷಧಿ, ಇಂಥ ನೈಸರ್ಗಿಕ ಉತ್ಪನ್ನಗಳೊಳಗೆ ಪದೇ ಪದೇ ಸಿಕ್ಕಿದೆ. ಫೆಂಟರ್ಮಿನ್‌ನಲ್ಲಿ ಮಧ್ಯಾಹ್ನದ್ದನ್ನು ಮೊದಲು, ಬೆಳಗಿನದನ್ನು ಆಮೇಲೆ ವೈದ್ಯರೇ ನಿಲ್ಲಿಸಿದರು. ಬಿಪಿ, ಇಸಿಜಿ, ಥೈರಾಯ್ಡ್, ಪೊಟ್ಯಾಸಿಯಂ ಪರೀಕ್ಷೆಗಳಾದವು. ಪೊಟ್ಯಾಸಿಯಂ ಕಡಿಮೆಯಿತ್ತು, ಭೇದಿ ಮಾತ್ರೆಯ ಕೊಡುಗೆ. ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತಿ ಬೀಳುವುದು, ಫಿಟ್ಸ್, ಸಾಯುವ ಯೋಚನೆ ಇವುಗಳಲ್ಲಿ ಒಂದು ಕಂಡರೂ ಮುಂದಿನ ಭೇಟಿಗೆ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಬೇಕೆಂದು ಅಕ್ಕನಿಗೂ ಬರೆದುಕೊಡಲಾಯಿತು.

ಭೇದಿ ಮಾತ್ರೆಯ ವಿಚಾರವನ್ನು ಸ್ವಲ್ಪ ಕೂತು ವಿವರಿಸಬೇಕಾಯಿತು. ಹೆಚ್ಚು ತಿಂದೆ ಅನ್ನಿಸಿದ ದಿನ ಆಕೆ ಒಟ್ಟಿಗೆ ನಾಲ್ಕು ನುಂಗುತ್ತಿದ್ದರು. ಊಟದ ಸಾರವನ್ನು ಸಣ್ಣ ಕರುಳು ಹೀರಿಕೊಂಡಾದ ಮೇಲೆ ಈ ಮಾತ್ರೆ ದೊಡ್ಡ ಕರುಳಿನಲ್ಲಿ ಕೆಲಸ ಮಾಡುತ್ತದೆ. ಹೊರಹೋಗುವುದು ನೀರು ಮತ್ತು ಲವಣ. ಕೊಬ್ಬು ಇದ್ದಲ್ಲೇ ಇರುತ್ತದೆ. ನಿಲ್ಲಿಸಿದಾಗ ಮೈ ನೀರನ್ನು ಬಿಗಿಹಿಡಿಯುತ್ತದೆ, ಒಂದರಿಂದ ಮೂರು ವಾರ ಪಾದ, ಮುಖ ಊದಬಹುದು, ತೂಕ ಏರಬಹುದು. ಇದನ್ನು ಮೊದಲೇ ಹೇಳದಿದ್ದರೆ ಆ ಊತವನ್ನೇ ದಪ್ಪವೆಂದು ತಿಳಿದು ಮತ್ತೆ ಮಾತ್ರೆಗೆ ಕೈಹಾಕುತ್ತಾರೆ. ತೂಕದ ಯಂತ್ರವನ್ನು ಅಕ್ಕ ಒಯ್ದರು. ವಾರಕ್ಕೊಮ್ಮೆ ಆಹಾರತಜ್ಞರ ಬಳಿ, ಅಂಕಿ ಕಾಣದಂತೆ ಬೆನ್ನು ತಿರುಗಿಸಿ ನಿಂತು ತೂಕ ನೋಡಿಸುವ ಏರ್ಪಾಡಾಯಿತು.

ಫೆಂಟರ್ಮಿನ್ ಬಿಟ್ಟ ಮೊದಲ ದಿನಗಳಿಗೆ ಕೆಲಸದ ಒತ್ತಡವಿಲ್ಲದ ವಾರ ಆರಿಸಿಕೊಂಡರು. ಅತಿಯಾದ ನಿದ್ದೆ, ಕೆಟ್ಟ ಕನಸು, ಮಂಕು, ಹೊಟ್ಟೆಬಾಕತನ ಬರಬಹುದೆಂದು ತಿಳಿದೇ ಇದ್ದುದರಿಂದ ಬಂದಾಗ ಗಾಬರಿಯಾಗಲಿಲ್ಲ. ಊಟಕ್ಕೆ ಒಂದೇ ನಿಯಮ: ಹಸಿವು ಬರುವವರೆಗೆ ಕಾಯಬಾರದು. ಮೂರರಿಂದ ನಾಲ್ಕು ಗಂಟೆಗೊಮ್ಮೆ, ಮೂರು ಊಟ ಮತ್ತು ಎರಡು ಸಣ್ಣ ತಿಂಡಿ, ಪ್ರತಿಯೊಂದರಲ್ಲೂ ಪ್ರೋಟೀನ್. ಬೆಳಿಗ್ಗೆ ಉಪವಾಸವಿದ್ದರೆ ಸಂಜೆ ಕೈ ತಡೆಯುವುದಿಲ್ಲ, ತಿಂದ ಪಶ್ಚಾತ್ತಾಪ ಮತ್ತೆ ಮಾತ್ರೆಯತ್ತ ಎಳೆಯುತ್ತದೆ. ಸೆಳೆತ ಜೋರಾಗುತ್ತಿದ್ದುದು ಎರಡನೇ ಮಾತ್ರೆಯ ಹೊತ್ತಿಗೆ, ಮಧ್ಯಾಹ್ನ ಎರಡು ಗಂಟೆಗೆ. ಆ ಹೊತ್ತಿಗೆ ತಿಂಡಿ, ಆಮೇಲೆ ನಡಿಗೆ, ಅರ್ಧ ಗಂಟೆ ನಿರ್ಧಾರ ಮುಂದೂಡುವುದು. ಸೆಳೆತ ಅಷ್ಟರಲ್ಲಿ ಸಾಮಾನ್ಯವಾಗಿ ಇಳಿಮುಖವಾಗುತ್ತದೆ. ಉಳಿದ ಫೆಂಟರ್ಮಿನ್ ಮಾತ್ರೆಗಳನ್ನು ಔಷಧಿ ಅಂಗಡಿಗೆ ಒಪ್ಪಿಸಿದರು. ಕಾಫಿ ಮೆಲ್ಲಗೆ ಮಾತ್ರೆಯ ಜಾಗ ಹಿಡಿಯುವುದನ್ನು ಗಮನಿಸಬೇಕು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ ಕೆಫೀನ್ ಮಿತಿ ಎನ್ನುತ್ತಾರೆ. ಎದೆಬಡಿತ ಇದ್ದ ಆಕೆಗೆ ಅದಕ್ಕಿಂತ ಕಡಿಮೆ, ಮಧ್ಯಾಹ್ನದ ನಂತರ ಬೇಡವೇ ಬೇಡ ಎಂದು ಹೇಳಲಾಯಿತು.

ಅಕ್ಕನಿಗೆ ಕೊಟ್ಟ ಸಲಹೆ ಚಿಕ್ಕದು. 'ಮುಖ ತುಂಬಿಕೊಂಡಿದೆ' ಎನ್ನಬಾರದು, 'ಎಷ್ಟು ಸಣ್ಣಗಾಗಿದ್ದೀಯ' ಎಂದು ಹೊಗಳಲೂಬಾರದು. ಕೈಚೀಲ ತಡಕಬಾರದು.

ಐದನೇ ವಾರ ಬೇರೆಲ್ಲೋ ತೂಕ ನೋಡಿಕೊಂಡು ಒಂದು ಮಾತ್ರೆ ನುಂಗಿದರು. ಅಂದು ಮಧ್ಯಾಹ್ನದ ಊಟ ತಪ್ಪಿತ್ತು, ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ. ಸರಪಳಿಯ ಈ ಎರಡು ಕೊಂಡಿ ಸರಿಪಡಿಸಿದ್ದೇ ಆ ವಾರದ ಕೆಲಸ. ಮೊದಲಿನಿಂದ ಶುರು ಮಾಡುವ ಮಾತೇ ಬರಲಿಲ್ಲ. ಬೊಜ್ಜಿಗೆ ಇನ್ನೇನು ದಾರಿ ಎಂದು ಈಗ ಕೇಳುತ್ತಿದ್ದಾರೆ. ಆರ್ಲಿಸ್ಟಾಟ್ ಮಿದುಳಿನ ಮೇಲೆ ಕೆಲಸ ಮಾಡುವ ಔಷಧಿಯಲ್ಲ, ಕರುಳಿನಲ್ಲಿ ಕೊಬ್ಬು ಹೀರುವುದನ್ನಷ್ಟೇ ತಡೆಯುತ್ತದೆ. ಆದರೆ ಭೇದಿ ಮಾತ್ರೆಯನ್ನು ತಿಂದದ್ದಕ್ಕೆ ಶಿಕ್ಷೆಯಂತೆ ಬಳಸಿದವರ ಕೈಯಲ್ಲಿ ಇದೂ ಅದೇ ಆಗಬಹುದು. ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ಉತ್ತೇಜಕವಲ್ಲ, ಆದರೂ ಊಟ ಬಿಡುವ ಅಭ್ಯಾಸ ಇರುವಾಗ ಮನೋವೈದ್ಯರ ಒಪ್ಪಿಗೆಯಿಲ್ಲದೆ ಬೇಡ. ಯಾವ ವೈದ್ಯರನ್ನು ಕಂಡರೂ ಮೊದಲು ತೋರಿಸಲೆಂದು, ನುಂಗಿದ್ದ ನಾಲ್ಕೂ ಮಾತ್ರೆಗಳ ಹೆಸರು, ಡೋಸ್, ಅವಧಿ ಬರೆದ ಹಾಳೆಯೊಂದನ್ನು ಆಕೆಯ ಕಡತದಲ್ಲಿ ಇಡಲಾಗಿದೆ.