ದೊಡ್ಡ ಸಂದೇಶ ಬಂದಾಗಲೆಲ್ಲ ನನ್ನ ಲಾಗ್ (ದಾಖಲೆ ಬರೆದಿಡುವ) ಸೇವೆ ಕುಸಿಯುತ್ತಿದೆ. ಅಲೋಕಾ ತೆಗೆದು ಮ್ಯಾಲಕ್ ಹಾಕಿದರೆ ಸಾಕೇ?

ಸಾಲದು. ಎರಡೂ ಸಿ ಪ್ರೋಗ್ರಾಮಿಗೆ ಮೆಮೊರಿಯಲ್ಲಿ ಜಾಗ ಕೊಡುವಂಥವೇ: ಅಲೋಕಾ ಸ್ಟ್ಯಾಕ್ ಎಂಬ ಚಿಕ್ಕ ಭಾಗದಿಂದ, ಮ್ಯಾಲಕ್ ಹೀಪ್ ಎಂಬ ದೊಡ್ಡ ಭಾಗದಿಂದ. ಇದೇ ದೋಷವನ್ನು ತೀರ್ಥಹಳ್ಳಿಯ ಮನೆಯಲ್ಲಿ ಕುಳಿತು ಮೂರು ರಾತ್ರಿ ಹುಡುಕಿದವನು ನಾನು.

ಆಗುಂಬೆ ಕಡೆಯ ಕೆಲವು ಅಡಿಕೆ ತೋಟಗಳ ಮಳೆಮಾಪಕಗಳಿಂದ ಬರುವ ದಾಖಲೆಗಳನ್ನು ಉಳಿಸಿಡಲು ಸಿ ಭಾಷೆಯಲ್ಲಿ ಒಂದು ಸೇವೆ ಬರೆದಿದ್ದೆ. ಬೇಸಿಗೆಯಿಡೀ ಚೆನ್ನಾಗಿ ಓಡಿತು. ಪುನರ್ವಸು ಮಳೆ ಹಿಡಿದಾಗ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಸಂಪರ್ಕ ಮರಳಿದ ಕ್ಷಣವೇ ಸೇವೆ ಸತ್ತಿತು. ಎಬ್ಬಿಸಿದರೆ ಮತ್ತೆ ಸತ್ತಿತು. ಬ್ಯಾಟರಿಯಲ್ಲಿ ಓಡುತ್ತಿದ್ದ ತೋಟದ ಪೆಟ್ಟಿಗೆ ಎರಡು ದಿನಗಳ ದಾಖಲೆಯನ್ನೆಲ್ಲ 11 ಎಂಬಿಯ ಒಂದೇ ಸಂದೇಶವಾಗಿ ಕಟ್ಟಿ ಕಳುಹಿಸುತ್ತಿತ್ತು.

ಲಿನಕ್ಸ್‌ನಲ್ಲಿ ಸ್ಟ್ಯಾಕ್‌ನ ಮಿತಿ ಸಾಮಾನ್ಯವಾಗಿ 8 ಎಂಬಿ. ಅಲೋಕಾ ಜಾಗ ಕೊಡುವುದು ಅಲ್ಲಿಂದಲೇ. ಜಾಗ ಸಾಲದಿದ್ದರೂ ಅದು ಇಲ್ಲ ಎನ್ನುವುದಿಲ್ಲ, ಯಾವುದೋ ವಿಳಾಸವನ್ನು ಕೈಗಿಡುತ್ತದೆ. ಅಲ್ಲಿ ಬರೆಯಹೋಗಿ ಸೆಗ್‌ಫಾಲ್ಟ್ ಆಗಿ ಪ್ರೋಗ್ರಾಂ ಸತ್ತರೆ ನಿಮ್ಮ ಪುಣ್ಯ. ಸ್ಟ್ಯಾಕ್‌ನ ಅಂಚಿಗೆ ಬೇಲಿಯಂತಿರುವ ಕಾವಲು ಪುಟವನ್ನು ಹಾರಿ ಬೇರೆ ಮೆಮೊರಿಯೊಳಗೆ ಬಿದ್ದರೆ ದಾಳಿಕೋರರಿಗೆ ಬಾಗಿಲು ತೆರೆದಂತೆಯೇ. ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲಾಗ್ ಸೇವೆಯಾದ ಜರ್ನಲ್‌ಡಿಯಲ್ಲಿ ಇದೇ ಜಾತಿಯ ದೋಷಗಳಿದ್ದುದನ್ನು 2019ರ ಜನವರಿಯಲ್ಲಿ ಭದ್ರತಾ ಸಂಸ್ಥೆ ಕ್ವಾಲಿಸ್‌ನ ಸಂಶೋಧಕರು ಬಯಲಿಗಿಟ್ಟರು. ಲಾಗ್ ಬರೆಯಿಸುವ ಪ್ರೋಗ್ರಾಮಿನ ಕಮಾಂಡ್ ಸಾಲು ಹಲವು ಎಂಬಿ ಉದ್ದವಿದ್ದರೆ ಸೇವೆ ಕುಸಿಯುತ್ತಿತ್ತು. ಸರಿಪಡಿಸಿದವರು ಆ ಸಾಲನ್ನು ಸ್ಟ್ಯಾಕ್‌ನಿಂದ ಹೀಪ್‌ಗೆ ಸಾಗಿಸಿದರು. ಜೊತೆಗೆ ಒಂದು ನಮೂದಿನಲ್ಲಿ ಎಷ್ಟು ಫೀಲ್ಡ್‌ಗಳಿರಬಹುದು ಎಂಬುದಕ್ಕೂ ಮಿತಿ ಹಾಕಿದರು.

ನೀವು ಬಿಡುತ್ತಿರುವುದು ಅಂಥ ಮಿತಿಯನ್ನೇ. ತನ್ನಲ್ಲಿ ಇಲ್ಲದ ಮೆಮೊರಿಯನ್ನೂ ಕೊಡುತ್ತೇನೆಂದು ಲಿನಕ್ಸ್ ಒಪ್ಪಿಕೊಳ್ಳುವುದುಂಟು. ಜಾಗ ಸಾಲದಾಗ ಮ್ಯಾಲಕ್ ನಲ್ (ಜಾಗವಿಲ್ಲ ಎಂಬ ಉತ್ತರ) ಕೊಟ್ಟೇ ಕೊಡುತ್ತದೆಂದು ನಂಬಬೇಡಿ. ಸಂದೇಶದ ಉದ್ದವನ್ನು ಮೊದಲು ನೋಡಿ, ಮಿತಿ ಮೀರಿದ್ದರೆ ಜಾಗ ಕೇಳುವ ಮೊದಲೇ ತಿರಸ್ಕರಿಸಿ.

ಮ್ಯಾಲಕ್‌ಗೆ ಬದಲಿಸುವಾಗ ಇನ್ನೊಂದು ಕಡೆ ನಾನು ಎಡವಿದೆ. ಅಲೋಕಾ ಕೊಟ್ಟ ಜಾಗ ಫಂಕ್ಷನ್ ಮುಗಿದೊಡನೆ ತಾನೇ ಮರಳುತ್ತದೆ, ಮ್ಯಾಲಕ್‌ನದು ಮರಳುವುದಿಲ್ಲ. ದೋಷ ಬಂದಾಗ ನಡುವೆಯೇ ಹೊರಬೀಳುವ ಒಂದು ದಾರಿಯಲ್ಲಿ ಜಾಗ ಮರಳಿಸುವ ಫ್ರೀ ಬರೆಯುವುದನ್ನು ಮರೆತಿದ್ದೆ. ಸೇವೆ ಕುಸಿಯಲಿಲ್ಲ, ಅದು ಹಿಡಿದ ಮೆಮೊರಿ ದಿನದಿಂದ ದಿನಕ್ಕೆ ಊದಿತು. ಮೆಮೊರಿ ದೋಷ ಹುಡುಕುವ ವಾಲ್‌ಗ್ರೈಂಡ್, ಮರಳದ ಆ ಜಾಗವನ್ನು ಕೇಳಿದ ಮ್ಯಾಲಕ್‌ನ ಸಾಲನ್ನು ತೋರಿಸಿಕೊಟ್ಟಿತು.

ತಿದ್ದುವ ಮುನ್ನ ಯೂಲಿಮಿಟ್ ಎಂಬ ಶೆಲ್ ಕಮಾಂಡಿನಿಂದ ಸ್ಟ್ಯಾಕ್ ಮಿತಿಯನ್ನು 256 ಕೆಬಿಗೆ ಇಳಿಸಿ ಓಡಿಸಿ. ಸಣ್ಣ ಸಂದೇಶಕ್ಕೇ ದೋಷ ಹೊರಬೀಳುತ್ತದೆ. ಕಳುಹಿಸುವ ಕಡೆಯೂ ನಿಮ್ಮ ಕೈಯಲ್ಲಿದ್ದರೆ ಸಂದೇಶವನ್ನು ಅಲ್ಲೇ ತುಂಡು ಮಾಡಿ. ನಮ್ಮ ಪೆಟ್ಟಿಗೆಗಳು ಈಗ 64 ಕೆಬಿಯಂತೆ ಕಳುಹಿಸುತ್ತವೆ.